ಬೀಗರ ಗಾಳದ ಕೋಲು, ಮಂಚಮ್ಮನ ಸೀರೆ ದಾರ

“ಕೋಲು ಅನ್ಬೇಡ ಕಣೆ, ನಿನ್ ದಮ್ಮಯ್ಯ ಅಂತೀನಿ, ಕೋಲು ಅನ್ಬೇಡ. ಕೋಲು ಅಂದ್ರೆ ಹಸ ಅಟ್ಟಕ್ಕೆ ಇರೋದು. ಇದು ರಾಡು. ಇದ್ರ ಮೈ ಐತಲ್ಲ, ಕಾರ್ಬನ್ನು. ಇದನ್ನ ತರ್ಸಿ, ಇದ್ರ ಬೆನ್ನೆಲುಬು ಯಾವ ಕಡೆ ಐತೆ ಅಂತ ನೆಲಕ್ಕೂರಿ, ಬಗ್ಗಿಸಿ ಬಗ್ಗಿಸಿ ಕಂಡ್ಕಂಡಿವ್ನಿ. ನಗ್ಬೇಡ. ನಿಮ್ಮಣ್ಣನಿಗಿಲ್ದೆ ಇದ್ರೂ ಇದ್ಕೆ ಬೆನ್ನೆಲುಬು ಐತೆ. ಆ ಬೆನ್ನಿನ ನೇರಕ್ಕೇ ಉಂಗುರ ಕೂರಿಸ್ಬೇಕು, ಗಾಳದ ದಾರ ಓಡಾಡೋ ಉಂಗುರ. ಬುಡದಲ್ಲಿ ದೊಡ್ಡದು, ತುದಿಗೆ ಓಯ್ತಾ ಓಯ್ತಾ ಚಿಕ್ಕದು. ಹಿಡಿಗೆ ಕಾರ್ಕು. ಬಾಟ್ಲಿ ಬೆಂಡು ಅಂತ ನೀನು ಒಲೆಗೆ ಹಾಕಕ್ಕೆ ಓಗಿದ್ದೆಯಲ್ಲ ಅದೇಯ, ಸಮುದ್ರ ದಾಟ್ಕಂಡು ಬಂದದ್ದು ಅದು. ಇನ್ನ ಉಂಗುರನ ಮೈಗೆ ಬಿಗಿಯಕ್ಕೆ ದಾರ ಬೇಕು. ನೈಲಾನು ಸುತ್ತಿದ್ರೆ ಮಕ್ಕಳಾಡೋ ಸಾಮಾನಿದ್ದಂಗೆ ಕಾಣ್ತದೆ. ರೇಷ್ಮೆ ಸುತ್ತಿ ಮ್ಯಾಲೆ ಅಂಟು ಬಳುದ್ರೆ, ಆಹಾ, ಬೆಲ್ಲದ ಪಾಕದೊಳಗೆ ದೀಪ ಹಚ್ಚಿ ಮಡಗಿದಂಗೆ! ಅಂಥಾ ಬಣ್ಣಕ್ಕೆ ವರ್ಷದಿಂದ ಹುಡುಕ್ದೆ ಕಣೆ. ಮೈಸೂರು ಹುಡುಕ್ದೆ, ಫೋನಲ್ಲಿ ಹುಡುಕ್ದೆ. ಕೊನೆಗೆ ನೋಡಿದ್ರೆ ನಮ್ಮನೆ ಬೀರು ಮ್ಯಾಲೇ ಕೂತಿತ್ತು. ಇದನ್ನ ಕಳ್ತನ ಅಂತಾರಾ? ಋಣ ಅಂತಾರೆ!”

ಹೀಗೆಂದು ದೇವರಾಜು ಉಸಿರು ತೆಗೆದುಕೊಂಡ. ಬಾಬುರಾಯನಕೊಪ್ಪಲಿನ ಅವನ ಮನೆಯ ಜಗುಲಿಯ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿಗಳ ಬೆನ್ನಿಗೆ ಅಡ್ಡಲಾಗಿ ಆ ರಾಡು ಮಲಗಿತ್ತು. ಮೈತುಂಬ ಉಂಗುರ, ಉಂಗುರದ ಬುಡಕ್ಕೆಲ್ಲ ಮೆರೂನು ರೇಷ್ಮೆ ದಾರ. ರಾಡಿನ ತುದಿಯನ್ನು ಅವನ ಹೆಂಡತಿ ಪ್ರಮೀಳಾ ಕರು ಹಿಡಿದಂತೆ ಬಿಗಿಯಾಗಿ ಹಿಡಿದು ನಿಂತಿದ್ದಳು. ಅವಳ ಇನ್ನೊಂದು ಕೈಯಲ್ಲಿ ಒಂದು ಸೀರೆಯ ಸೆರಗು. ಸೆರಗಿನ ಅರ್ಧಕ್ಕೆ ಮೆರೂನು ಕುಚ್ಚು ತೂಗುತ್ತಿತ್ತು, ಇನ್ನರ್ಧ ಬೋಳು.

ಅವನ ತಾಯಿ ಬೆಟ್ಟಮ್ಮ ಕಂಬಕ್ಕೊರಗಿ ಕೂತು, ಮೊರದ ತುಂಬ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದಳು. ಈ ಮನೆಯಲ್ಲಿ ಜಗಳ ಶುರುವಾದರೆ ಎರಡು ಕಡೆಯವರೂ ಬೆಟ್ಟಮ್ಮನ ಮುಖ ನೋಡುತ್ತಾರೆ, ಯಾರೂ ಅವಳನ್ನು ಮಾತಾಡಲು ಬಿಡುವುದಿಲ್ಲ. ಅದು ಅವಳಿಗೆ ಅಭ್ಯಾಸವಾಗಿತ್ತು. ಕಿವಿ ಜಗಳದ ಕಡೆ, ಕೈ ಅವರೆಕಾಯಿ ಕಡೆ.

ಪ್ರಮೀಳಾ: ಋಣವಂತೆ! ನಾನು ಡೈರಿಗೆ ಹಾಲಾಕಕ್ಕೆ ಓಗಿ ಬರೋದ್ರೊಳಗೆ ಉಂಡೆಗೆ ಉಂಡೇನೇ ಬಿಚ್ಚಿ ಸುತ್ತಿದ್ದೀರಲ್ರೀ. ನಾಳೆ ಒತ್ತಾರೆ ಮಂಚಮ್ಮನ ಮಗಳ ನಿಶ್ಚಿತಾರ್ಥ. ಸಂದೆ ಒಳಗೆ ಕುಚ್ಚು ಕಟ್ಟಿ ಸೀರೆ ಕೊಡ್ಬೇಕು. ಅಂಗಡಿಯವನು ಸೆರಗು ಮುಂದೆ ಹಿಡ್ಕಂಡು ಬಣ್ಣ ಕೂಡ್ಸಿ ಕೊಟ್ಟ ಕೊನೇ ಉಂಡೆ ಅದು. ಇನ್ನೊಂದು ಸಿಕ್ಕಲ್ಲ. ಬಿಚ್ಚಿ!

ದೇವರಾಜು: ಬಿಚ್ಚದಾ? ಅಂಟು ಕಲ್ಸಿ ಆಗೋಗದೆ! ನೋಡಿಲ್ಲಿ.

ಐಸ್‌ಕ್ರೀಮಿನ ಖಾಲಿ ಬಟ್ಟಲಲ್ಲಿ ಜೇನುತುಪ್ಪದಂಥ ಅಂಟಿತ್ತು, ಅದರೊಳಗೊಂದು ಬ್ರಷ್ಷು.

ದೇವರಾಜು: ಎರಡು ಬಾಟ್ಲಿದು ಸೇರಿಸಿ ಕಲ್ಸಿದ ಮ್ಯಾಲೆ ಇದು ಯಾರಿಗೂ ಕಾಯಲ್ಲ. ಈಗ್ಲೇ ಬಳೀಬೇಕು, ಇಲ್ದಿದ್ರೆ ಬಟ್ಟಲಲ್ಲೇ ಕಲ್ಲಾಗ್ತದೆ.

ಪ್ರಮೀಳಾ: ಬಳುದ್ರೆ ನನ್ ದಾರ?

ದೇವರಾಜು: ಜನ್ಮಕ್ಕೂ ಬರಲ್ಲ. ಅದೇ ಅದ್ರ ಗುಣ!

ಪ್ರಮೀಳಾ: ಅಂಗಾರೆ ನಾನೂ ಬುಡಲ್ಲ. ಅದೇ ನನ್ ಗುಣ. ನೋಡಿ ಅತ್ತೆ, ನಿಮ್ಮ ಮಗರಾಯರು ಎಂಥಾ ಮರ್ಯಾದಸ್ತರು!

ಕೋಪ ಏರಿದಷ್ಟೂ ಪ್ರಮೀಳಾ ಗಂಡನಿಗೆ ಮರ್ಯಾದೆ ಹೆಚ್ಚಿಸುತ್ತಾಳೆ. ‘ರಾಯರು’ ಬಂತೆಂದರೆ ಇನ್ನು ಊಟ ಬಡಿಸುವುದು ಅನುಮಾನ. ಬೆಟ್ಟಮ್ಮ ಬಾಯಿ ತೆರೆದಳು.

ದೇವರಾಜು: ಅವ್ವ, ನೀನು ಮಧ್ಯ ಬರ್ಬೇಡ. ಅಂಟು ಬಳುದ್ ಮ್ಯಾಲೆ ತಿರುಗ್ಸಕ್ಕೆ ನೀನೇ ಬೇಕು. ಸೋರದಂಗೆ ಒಂದೇ ಸಮ ತಿರುಗಿಸ್ತಿರ್ಬೇಕು.

ಬೆಟ್ಟಮ್ಮ: ಹೋದ್ ಸಲ ತಿರುಗಿಸ್ದೆನಲ್ಲ ಮಗ. ಟೀವೀಲಿ ಆ ಹೆಣ್ಣಿಗೆ ಮದುವೆ ಆಯ್ತು, ಮಗೂನೂ ಆಯ್ತು. ನಿನ್ ಅಂಟು ಒಣಗ್ಲಿಲ್ಲ.

ಅಷ್ಟರಲ್ಲಿ ರಸ್ತೆಯಲ್ಲಿ ಮೊಪೆಡ್ಡು ನಿಂತಿತು. ಬೂಕನಕೆರೆಯ ಚಿಕ್ಕಸಿದ್ದಯ್ಯ! ದೇವರಾಜುವಿನ ಮಗಳು ಲತಳನ್ನು ಸೊಸೆ ಮಾಡಿಕೊಂಡ ಬೀಗರು. ಈ ರಾಡು ಅವರಿಗೆಂದೇ ತಯಾರಾಗುತ್ತಿರುವುದು. ಮಗಳ ಮದುವೆ ಊಟದಲ್ಲಿ ಅವರು ‘ನಂಗೂ ಮೀನು ಹಿಡಿಯೋದಂದ್ರೆ ಆಸೆ’ ಅಂದಿದ್ದರು. ದೇವರಾಜು ಅಲ್ಲೇ ಎಲೆಯ ಮುಂದೆ ಮಾತು ಕೊಟ್ಟಿದ್ದ. ಮದುವೆಯಾಗಿ ವರ್ಷವಾಯಿತು. ಇವತ್ತು ಒಯ್ಯಲು ಬಂದಿದ್ದಾರೆ, ಹಿಂಬದಿಗೆ ಒಂದು ದೊಡ್ಡ ಖಾಲಿ ಸ್ಟೀಲ್ ಡಬ್ಬಿ ಕಟ್ಟಿಕೊಂಡು.

ಬೀಗರ ಮುಂದೆ ಜಗಳ ಆಡುವಂತಿಲ್ಲ. ಪ್ರಮೀಳಾಳ ಮುಖ ಒಂದೇ ಕ್ಷಣದಲ್ಲಿ ಅರಳಿತು. ಕೈ ಮಾತ್ರ ರಾಡು ಬಿಡಲಿಲ್ಲ.

ಪ್ರಮೀಳಾ: ಬನ್ನಿ ಅಣ್ಣ, ಬನ್ನಿ! ಲತ ಚೆನ್ನಾಗವ್ಳಾ? ಅತ್ತಿಗೆ ಉಸಾರಾಗವ್ರಾ? ಕುಂತ್ಕಳಿ. ಇಗೋ, ಕೈ ಬಿಡುವಾದ ತಕ್ಷಣ ಕಾಫಿ ತತ್ತೀನಿ.

ಚಿಕ್ಕಸಿದ್ದಯ್ಯ: ನಿಧಾನ ತಂಗ್ಯವ್ವ. ಏನ್ ಬೀಗ್ರೆ, ತಂಗ್ಯವ್ವನೂ ಕೈ ಹಾಕವ್ರೆ? ಗಂಡ ಎಂಡ್ರು ಸೇರ್ಕಂಡು ಮಾಡ್ತಿದ್ದೀರ! ನಮ್ಮನೇಲಿ ಪುಟ್ಟಲಕ್ಷ್ಮಮ್ಮ ನಾನು ಮುಟ್ಟಿದ್ದನ್ನ ಮುಟ್ಟಲ್ಲ.

ದೇವರಾಜು (ಹಲ್ಲು ಕಚ್ಚಿ ನಕ್ಕು): ಅವ್ಳಿಗೆ ಇದ್ರ ಮ್ಯಾಲೆ ಬಲೇ ಪ್ರಾಣ. ವಸಿ ಬುಡಮ್ಮಿ, ಬೀಗ್ರು ನೋಡ್ಲಿ.

ಪ್ರಮೀಳಾ (ಅದಕ್ಕಿಂತ ಚೆನ್ನಾಗಿ ನಕ್ಕು): ನೋಡ್ಲಿ ಬುಡಿ, ನಾನು ಹಿಡ್ಕಂಡೇ ತೋರಿಸ್ತೀನಿ. ಇದ್ರಲ್ಲಿ ನಂದೂ ಸಾಮಾನು ಐತೆ ಅಣ್ಣ.

ಚಿಕ್ಕಸಿದ್ದಯ್ಯ: ಎಂಥಾ ಸಂಸಾರ! ಅಲ್ಲ ಬೀಗ್ರೆ, ಈ ಹಿಡಿ ನನ್ ಕೈಗೆ ಹೇಳಿ ಮಾಡಿಸ್ದಂಗೆ ಕೂತ್ಕತದಲ್ಲ! ಅಳತೆ ಎಂಗೆ ಸಿಕ್ತು?

ದೇವರಾಜು (ಹೆಮ್ಮೆಯಿಂದ): ಮದುವೇಲೇ ತಗಂಡೆ. ಊಟ ಆದ್ಮ್ಯಾಲೆ ಹೆಣ್ಣು ಒಪ್ಪಿಸೋವಾಗ ನಿಮ್ ಕೈ ಹಿಡ್ಕಂಡಿದ್ನಲ್ಲ, ಆಗ. ಅಂಗೈ ಅಗಲ ಎಷ್ಟು, ಮಣಿಕಟ್ಟಿಂದ ಮೊಣಕೈಗೆಷ್ಟು, ಹೆಬ್ಬೆಟ್ಟು ಎಲ್ಲಿಗೆ ಬತ್ತದೆ, ಎಲ್ಲಾನೂ.

ಚಿಕ್ಕಸಿದ್ದಯ್ಯನ ಮುಖ ಸಪ್ಪಗಾಯಿತು.

ಚಿಕ್ಕಸಿದ್ದಯ್ಯ: ಅದು ಅಳತೆಯಾ? ಅಷ್ಟೊತ್ತು ಹಿಡ್ಕಂಡು ಸವರಿದ್ರಲ್ಲ ಬೀಗ್ರೆ, ಮಗಳನ್ನ ಕಳ್ಸೋ ಸಂಕಟ ಅನ್ಕಂಡು ನಾನೂ ಗಳಗಳ ಅತ್ತುಬುಟ್ಟೆ! ವೀಡಿಯೋದಲ್ಲಿ ಬಂದದೆ ಅದು. ಊರೋರೆಲ್ಲ ನೋಡಿ ಅತ್ತವ್ರೆ!

ಪ್ರಮೀಳಾ: ನಾನೂ ಅತ್ತೆ ಅಣ್ಣ.

ಬೆಟ್ಟಮ್ಮ ಒಂದು ಕಾಯಿ ಬಿಡಿಸಿದಳು. ಅವಳೂ ಅತ್ತಿದ್ದಳು, ಹೇಳಲಿಲ್ಲ. ದೇವರಾಜು ಬಟ್ಟಲಿನ ಕಡೆ ನೋಡಿದ. ಜೇನುತುಪ್ಪ ಎಳೆ ಪಾಕವಾಗಿತ್ತು.

ದೇವರಾಜು: ಅದಿರ್ಲಿ ಬೀಗ್ರೆ, ಅಂಟು ಬಿಗೀತದೆ. ಬಳುದು ಕೊಟ್ಬುಡ್ತೀನಿ. ಅಮ್ಮಿ, ಕೈ ತಗಿ.

ಚಿಕ್ಕಸಿದ್ದಯ್ಯ: ತಡೀರಿ. ಒಯ್ಯೋನು ನಾನು, ತಿಳ್ಕಂಡು ಒಯ್ತೀನಿ. ಈ ಉಂಗುರದೊಳಗೆ ಬೆಳ್ಳಗೆ ಕೂರ್ಸಿದ್ದೀರಲ್ಲ, ಇದ್ಯಾಕೆ?

ದೇವರಾಜು: ಪಿಂಗಾಣಿ. ದಾರ ಉಜ್ಜಿ ಸವೆಯಲ್ಲ.

ಚಿಕ್ಕಸಿದ್ದಯ್ಯ: ಇದ್ರಿಂದ ಮೀನು ಜಾಸ್ತಿ ಬೀಳ್ತವಾ?

ದೇವರಾಜು: ಮೀನಿಗೂ ಇದ್ಕೂ ಏನು ಸಂಬಂಧ? ಇದು ದಾರದ ಆಯಸ್ಸಿಗೆ.

ಚಿಕ್ಕಸಿದ್ದಯ್ಯ: ಈ ಕಾರ್ಕಿಂದ?

ದೇವರಾಜು: ಅದು ನಿಮ್ ಕೈಯ ಸುಖಕ್ಕೆ. ಮೀನು ಹಂಗೆ ಸುಮ್ಕೆ ಮೂಸಿ ನೋಡಿದ್ರೂ ಅಂಗೈಗೆ ಗೊತ್ತಾಯ್ತದೆ.

ಚಿಕ್ಕಸಿದ್ದಯ್ಯ: ಈ ಮೆರೂನು ದಾರದಿಂದ?

ದೇವರಾಜು: ಅದು ಕಣ್ಣಿನ ಸುಖಕ್ಕೆ.

ಪ್ರಮೀಳಾ: ಮಂಚಮ್ಮನ ಕಣ್ಣಲ್ಲಿ ನೀರು ಬರ್ಸಕ್ಕೆ.

ಚಿಕ್ಕಸಿದ್ದಯ್ಯ: ಯಾರು ತಂಗ್ಯವ್ವ?

ಪ್ರಮೀಳಾ: ಏನಿಲ್ಲ ಅಣ್ಣ, ಪಕ್ಕದ ಬೀದಿಯೋರು. ಅವ್ರಿಗೂ ಈ ಬಣ್ಣ ಅಂದ್ರೆ ಇಷ್ಟ.

ಚಿಕ್ಕಸಿದ್ದಯ್ಯ: ಅಂಗಾರೆ ಬೀಗ್ರೆ, ಮೀನು ಹಿಡಿಯಕ್ಕೆ ಅಂತ ಇದ್ರಲ್ಲಿ ಏನಾರ ಐತಾ?

ದೇವರಾಜುವಿಗೆ ನೋವಾಯಿತು. ಗೋಡೆಯ ಮೇಲೆ ಹಳೆಯ ಪಂಚೆ ಸುತ್ತಿ ತೂಗುಹಾಕಿದ್ದ, ತಾನು ಹಿಂದೆ ಮಾಡಿದ ರಾಡುಗಳ ಕಡೆ ಕೈ ತೋರಿಸಿದ. ಅವುಗಳಲ್ಲಿ ಒಂದೂ ನೀರು ಕಂಡಿರಲಿಲ್ಲ. ಹೊಳೆಗಿಳಿಸಿದರೆ ಮೈ ಗೀರುತ್ತದೆ ಅಂತ ಅವನಿಗೆ ಭಯ.

ದೇವರಾಜು: ಬೀಗ್ರೆ, ಇದು ಅಂತಿಂಥಾ ಮೀನಿಗಲ್ಲ. ಹೊಳೇಲಿ ಆಳು ಗಾತ್ರ ಬೆಳೀತದಲ್ಲ, ಆ ದೊಡ್ಡ ಮೀನಿಗೆ. ಅದು ಗಾಳ ಕಚ್ಕಂಡು ಓಡ್ತದೆ, ರಾಡು ಬಿಲ್ಲಿನಂಗೆ ಬಗ್ತದೆ. ನೀವು ಬುಡೋದು, ಎಳ್ಯೋದು, ಬುಡೋದು, ಎಳ್ಯೋದು. ಅದು ಸುಸ್ತಾಗಿ ದಡಕ್ಕೆ ಬತ್ತದೆ.

ಚಿಕ್ಕಸಿದ್ದಯ್ಯ (ಮುಂದಕ್ಕೆ ಸರಿದು): ಬತ್ತದೆ. ಆಮ್ಯಾಕೆ?

ದೇವರಾಜು: ಕೈ ಒದ್ದೆ ಮಾಡ್ಕಂಡು ಮೆಲ್ಲಗೆ ಹಿಡ್ಯೋದು.

ಚಿಕ್ಕಸಿದ್ದಯ್ಯ: ಹಿಡ್ದೆ. ಆಮ್ಯಾಕೆ?

ದೇವರಾಜು: ಕಣ್ತುಂಬ ನೋಡೋದು.

ಚಿಕ್ಕಸಿದ್ದಯ್ಯ: ನೋಡ್ದೆ. ಆಮ್ಯಾಕೆ?

ದೇವರಾಜು: ಒಂದು ಫೋಟೋ.

ಚಿಕ್ಕಸಿದ್ದಯ್ಯ: ಆಯ್ತು, ನಿಮ್ಮಳಿಯ ಶಶಿಗೆ ಹೇಳಿ ತೆಗೆಸ್ದೆ. ಆಮ್ಯಾಕೆ?

ದೇವರಾಜು: ಬುಟ್ಬುಡೋದು.

ಚಿಕ್ಕಸಿದ್ದಯ್ಯ ತಮ್ಮ ಸ್ಟೀಲ್ ಡಬ್ಬಿಯ ಕಡೆ ನೋಡಿದರು.

ಚಿಕ್ಕಸಿದ್ದಯ್ಯ: ಎಲ್ಲಿಗೆ ಬುಡೋದು?

ದೇವರಾಜು: ಹೊಳೆಗೆ. ಎಲ್ಲಿಂದ ಬಂತೋ ಅಲ್ಲಿಗೆ. ಆ ಮೀನು ಕಮ್ಮಿಯಾಗೋಗದೆ ಬೀಗ್ರೆ, ಅದನ್ನ ತಿನ್ನಂಗಿಲ್ಲ. ಹಿಡ್ಯೋದು, ನೋಡೋದು, ಫೋಟೋ ತಗಳೋದು, ಬುಡೋದು. ನಿಜವಾದ ಆಟಗಾರ ಅಂದ್ರೆ ಹಿಡಿದವನಲ್ಲ, ಬುಟ್ಟವನು. ಮನುಷ್ಯನಿಗೆ ಬುಡೋ ಬುದ್ಧಿ ಬಂದಾಗ್ಲೇ ದೊಡ್ಡವನಾಗೋದು!

ಚಿಕ್ಕಸಿದ್ದಯ್ಯ: ಪುಟ್ಟಲಕ್ಷ್ಮಮ್ಮ ಮಸಾಲೆ ಅರೆದು ಕುಂತವ್ಳೆ ಬೀಗ್ರೆ. ನಮ್ಮ ಬೀಗ್ರು ಮಾಡಿದ ಕೋಲು, ಹೊಳೆ ದಾರೀಲೇ ಬತ್ತೀನಿ, ಡಬ್ಬಿ ತುಂಬ ತತ್ತೀನಿ ಅಂತ ಕೇರಿಗೆಲ್ಲ ಹೇಳ್ಬುಟ್ಟು ಬಂದಿವ್ನಿ. ಮೀನ್ಸಾರು ಬಡಸೋ ಹೊತ್ತಿಗೆ ಫೋಟೋ ಬಡಸ್ಲಾ?

ದೇವರಾಜು: ಸಾರು ಮಾಡೋರು ಬಲೆ ಹಾಕ್ತಾರೆ. ರಾಡು ಹಿಡ್ಯೋನಿಗೆ ಸಾರಿನ ಆಸೆ ಇರ್ಬಾರ್ದು.

ಚಿಕ್ಕಸಿದ್ದಯ್ಯ: ನನ್ ಆಸೆ ಅಂದ್ರೇನೇ ಸಾರು ಕಣ್ರೀ! ಎಲೆ ಮುಂದೆ ಕೂತು ಹೇಳಿದ್ನಲ್ಲ, ಮತ್ತೇನು ಅನ್ಕಂಡ್ರಿ?

ದೇವರಾಜು ಬ್ರಷ್ಷಿಗೆ ಕೈ ಹಾಕಿದ. ಈಗ ಅಂಟು ಬಳಿದುಬಿಟ್ಟರೆ ರಾಡಂತೂ ಮುಗಿಯುತ್ತದೆ. ಬೀಗರ ಆಸೆಯನ್ನು ಆಮೇಲೆ ತಿದ್ದಿಕೊಂಡರಾಯಿತು ಅಂತ ಅವನ ಲೆಕ್ಕ. ಪ್ರಮೀಳಾ ಬೀಗರನ್ನು ಮರೆತು ಎರಡೂ ಕೈಯಲ್ಲಿ ರಾಡು ತಬ್ಬಿಕೊಂಡಳು. ಸೀರೆ ನೆಲಕ್ಕೆ ಜಾರಿತು. ಅರ್ಧ ಕುಚ್ಚಿನ ಸೆರಗು ಚಿಕ್ಕಸಿದ್ದಯ್ಯನ ಕಾಲ ಬಳಿ ಬಿತ್ತು. ಅವರು ಸೆರಗು ನೋಡಿದರು, ರಾಡು ನೋಡಿದರು, ಮತ್ತೆ ಸೆರಗು ನೋಡಿದರು.

ಚಿಕ್ಕಸಿದ್ದಯ್ಯ: ಓಹೋ. ತಂಗ್ಯವ್ವ ಹಿಡ್ಕಂಡಿರೋದು ಇದ್ಕಾ?

ಪ್ರಮೀಳಾ: ಇನ್ಯಾತಕ್ಕೆ ಅಣ್ಣ! ಈಗ ಬಂದುಬುಡ್ತಾರೆ ಮಂಚಮ್ಮ. ನನ್ನ ನಂಬಿ ಸೀರೆ ಕೊಟ್ಟವ್ರೆ. ಈ ಅರ್ಧ ಸೆರಗು ತೋರ್ಸುದ್ರೆ ಇನ್ಯಾರು ನನ್ ಕೈಗೆ ಸೀರೆ ಕೊಟ್ಟಾರು?

ದೇವರಾಜು: ವರ್ಷ ಹುಡುಕ್ದೆ ಕಣೆ...

ಆಗ ಬೆಟ್ಟಮ್ಮ ಕೈಯಲ್ಲಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿದಳು.

ಬೆಟ್ಟಮ್ಮ: ದೇವರಾಜು.

ದೇವರಾಜು: ಅವ್ವ, ನಿಂಗೆ ಇದೆಲ್ಲ ತಿಳಿಯಲ್ಲ.

ಬೆಟ್ಟಮ್ಮ: ಇಲ್ಲ ಮಗ, ನಂಗೇನು ತಿಳೀತದೆ. ನೀನು ಹೇಳಿದ್ದನ್ನೇ ಹೇಳ್ತೀನಿ, ತಪ್ಪಾದ್ರೆ ತಿದ್ದು. ಆ ದಾರನ ಹಿಡ್ದೆಯಾ?

ದೇವರಾಜು: ಹಿಡ್ದೆ.

ಬೆಟ್ಟಮ್ಮ: ನೆನ್ನೆಯಿಂದ ಕಣ್ತುಂಬ ನೋಡ್ದೆಯಾ?

ದೇವರಾಜು: ನೋಡ್ದೆ.

ಬೆಟ್ಟಮ್ಮ: ಒತ್ತಾರೆ ಫೋನಲ್ಲಿ ಫೋಟೋನೂ ತೆಗೀತಿದ್ದೆ. ಬಂದದಾ?

ದೇವರಾಜು: ...ಬಂದದೆ.

ಬೆಟ್ಟಮ್ಮ: ಇನ್ನ ಬುಟ್ಬುಡು. ಎಲ್ಲಿಂದ ಬಂತೋ ಅಲ್ಲಿಗೆ. ದೊಡ್ಡವನಾಗ್ತೀಯ.

ಚಿಕ್ಕಸಿದ್ದಯ್ಯ ತೊಡೆ ತಟ್ಟಿ ನಕ್ಕರು. ಪ್ರಮೀಳಾ ನಗಲಿಲ್ಲ, ದಾರದ ತುದಿ ಹುಡುಕುವುದರಲ್ಲಿದ್ದಳು. ದೇವರಾಜು ತಾಯಿಯ ಕಡೆ, ಬೀಗರ ಕಡೆ, ಫೋನಿನ ಕಡೆ ನೋಡಿದ. ತಾನು ಈಗಷ್ಟೇ ಆಡಿದ ಮಾತಿನಲ್ಲಿ ಒಂದು ಸಣ್ಣ ಬಿರುಕಾದರೂ ಸಿಗುತ್ತದೋ ಎಂದು ಬಹಳ ಹೊತ್ತು ಹುಡುಕಿದ. ಗಟ್ಟಿಯಾಗಿಯೇ ಆಡಿದ್ದ. ಕೊನೆಗೆ ಅವನೇ ಮೊದಲ ಉಂಗುರದ ಬುಡದ ಗಂಟನ್ನು ಉಗುರಿನಿಂದ ಎಬ್ಬಿಸಿದ.

ಆಮೇಲೆ ಕೆಲಸ ತಾನಾಗಿ ಹಂಚಿಹೋಯಿತು. ಬೀಗರು ಕುರ್ಚಿಯ ಮೇಲೆ ಕೂತು ರಾಡು ತಿರುಗಿಸಿದರು. ದೇವರಾಜು ದಾರ ಬಿಚ್ಚಿ ಬಿಚ್ಚಿ ಕೊಟ್ಟ. ಪ್ರಮೀಳಾ ಉಂಡೆ ಸುತ್ತಿದಳು. ಒಂದೊಂದು ಉಂಗುರ ಕಳಚಿ ಬಿದ್ದಾಗಲೂ ದೇವರಾಜು ‘ಅಯ್ಯೋ’ ಅನ್ನುತ್ತಿದ್ದ.

ಚಿಕ್ಕಸಿದ್ದಯ್ಯ: ಬೇಜಾರು ಮಾಡ್ಕಬೇಡಿ ಬೀಗ್ರೆ. ಹಿಡಿ ಮಾತ್ರ ಸೊಗಸಾಗದೆ. ತಿರುಗ್ಸಕ್ಕೆ ಬಲು ಹಿತ.

ಪ್ರಮೀಳಾ: ಅಣ್ಣ, ಓಗ್ತಾ ಪೇಟೇಲಿ ಮೀನು ತಗಂಡ್ಬುಡಿ. ಹೊಳೇಲೇ ಸಿಕ್ತು ಅಂತ ಹೇಳುದ್ರಾಯ್ತು. ಕತ್ತರಿಸಿದ ಮೀನಿಗೆ ಬಾಯಿಲ್ಲ.

ಚಿಕ್ಕಸಿದ್ದಯ್ಯ: ಮತ್ತೆ ಕೋಲು ಎಲ್ಲಿ ಅಂತ ಕೇಳಿದ್ರೆ?

ದೇವರಾಜು (ತಲೆ ಎತ್ತದೆ): ಬೇರೆ ಬಣ್ಣ ಹುಡುಕ್ತಾವ್ರೆ ಅನ್ನಿ.

ಚಿಕ್ಕಸಿದ್ದಯ್ಯ (ನೆಮ್ಮದಿಯಾಗಿ): ಹುಡುಕಿ ಬೀಗ್ರೆ. ನಿಧಾನಕ್ಕೆ ಹುಡುಕಿ. ನಂದೇನೂ ಅವಸರ ಇಲ್ಲ.

ಬೀದಿ ತಿರುವಿನಿಂದ “ಪ್ರಮೀಳಕ್ಕಾ, ಸೀರೆ ಆಯ್ತಾ?” ಅನ್ನುವ ಮಂಚಮ್ಮನ ದನಿ ಕೇಳಿತು.

ಪ್ರಮೀಳಾ: ಆಗೋಯ್ತು ಮಂಚಮ್ಮ, ಕೊನೇ ಸಾಲು! ಕುಂತ್ಕಂಡು ಕಾಫಿ ಕುಡಿಯೋ ಹೊತ್ತಿಗೆ ಮುಗೀತದೆ!

ಅವಳು ಉಂಡೆ, ಸೀರೆ ಎರಡನ್ನೂ ಬಾಚಿಕೊಂಡು ಒಳಗೆ ಓಡಿದಳು. ದೇವರಾಜು ಬೋಳು ರಾಡನ್ನು ಪಂಚೆಯಲ್ಲಿ ಸುತ್ತಿ ಗೋಡೆಗೆ ತೂಗುಹಾಕಿದ. ಬಟ್ಟಲನ್ನಾದರೂ ಉಳಿಸಿಕೊಳ್ಳೋಣವೆಂದು ಬ್ರಷ್ಷು ಹಿಡಿದು ಎಳೆದ. ಬ್ರಷ್ಷಿನ ಜೊತೆ ಬಟ್ಟಲೂ ಮೇಲೆ ಬಂತು. ಅಲ್ಲಾಡಿಸಿದ. ಎರಡೂ ಒಟ್ಟಿಗೇ ಅಲ್ಲಾಡಿದವು. ಅಂಟು ಕಲ್ಲಾಗಿತ್ತು.

ಬೆಟ್ಟಮ್ಮ: ನೋಡ್ಲಾ ಮಗ, ವರ್ಷಕ್ಕೊಂದು ನಿನ್ ಗಾಳಕ್ಕೆ ಸಿಕ್ತು. ಇದನ್ನ ಮಾತ್ರ ಬುಡಕ್ಕೂ ಬರಲ್ಲ.

ಅವಳು ಕಾಳನ್ನು ಒಂದು ಕಡೆ ಮಾಡಿ, ಸೆರಗು ಕೊಡವಿಕೊಂಡು ಎದ್ದಳು. ಮೊರದಲ್ಲಿ ಉಳಿದ ಅವರೆಸಿಪ್ಪೆಯನ್ನು ಹೊತ್ತು ಕೊಟ್ಟಿಗೆಗೆ ಹೋಗಿ, ಹಸುವಿನ ಮುಂದೆ ಸುರಿದು, ಮೊರದ ತಳವನ್ನು ಕೈಯಲ್ಲಿ ತಟ್ಟಿದಳು.