ಕಾಕಾನ ಮುಖತ್ಯಾರರು

ಕಂಪ್ಯೂಟರನ್ನು ಕಣ್ಣಿಂದಲೂ ನೋಡದೆ ಅದಕ್ಕೆ ಪ್ರೋಗ್ರಾಂ ಬರೆದ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ದಿನಾ ಅವನ ಪಂಕ್ತಿಯಲ್ಲೇ ಕೂತು ಊಟ ಮಾಡಿದ್ದೇನೆ. ಅವನು ನನ್ನ ಕಾಕಾ, ಅಪ್ಪನ ತಮ್ಮ!

ಎಂಬತ್ತರ ದಶಕದ ಕೊನೆಯ ಮಾತು. ಕಾಕಾ ಸಂಶಿಯಲ್ಲಿ ಗಣಿತದ ಮಾಸ್ತರ. ಹುಬ್ಬಳ್ಳಿಯ ಹಳೆ ಪುಸ್ತಕದಂಗಡಿಯಲ್ಲಿ ಅವನಿಗೆ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಎಂಬ ಹೊಸ ವಿದ್ಯೆಯ ಪುಸ್ತಕ ಸಿಕ್ಕಿತು. ಊರಲ್ಲಿ ಕಂಪ್ಯೂಟರ್ ಇರಲಿಲ್ಲ ನಿಜ, ಆದರೆ ಮನೆಯಲ್ಲಿ ನಾವಿದ್ದೆವಲ್ಲ! ಅವನ ಪಾಲಿಗೆ ನಾವೆಲ್ಲ ಆಬ್ಜೆಕ್ಟುಗಳು, ನಮ್ಮ ಕೆಲಸಗಳೆಲ್ಲ ಮೆಥಡ್‌ಗಳು.

"ಕಾಕಾ, ಈ ಡೆಲಿಗೇಟ್ ಅಂದ್ರೇನು?" ಅವನ ಪುಸ್ತಕ ತಿರುವುತ್ತ ಕೇಳಿದೆ; ಬಿ.ಎಸ್ಸಿ. ಓದುತ್ತಿದ್ದ ನನಗೆ ಕುತೂಹಲ.

"ಮುಖತ್ಯಾರ ಇದ್ದಂಗವಾ, ನಮ್ಮ ಪರವಾಗಿ ಕೆಲಸ ನೋಡಾಂವ. ನೀ ಮುಖತ್ಯಾರನ್ನ ಕರಿ. ಅಂವ ಯಾರ ಕಡಿಂದ ಕೆಲಸ ಮಾಡಿಸ್ತಾನೋ, ಕರದಾವ್ರಿಗ್ಯಾಕ ಬೇಕು?"

ಮರುದಿನ ಅಡುಗೆಮನೆಯ ಗೋಡೆಗೆ ಮೊಳೆಗಳು ಬಂದವು. ಚಹಾ, ನೀರು, ರೊಟ್ಟಿ, ಕಸ ಎಂದು ಮನೆಯ ಒಂದೊಂದು ಕೆಲಸಕ್ಕೂ ಒಂದೊಂದು ಫಲಕ, ಕೆಳಗೆ ಮಾಡುವವರ ಹೆಸರಿನ ಚೀಟಿ. ಮನುಷ್ಯರನ್ನು ಕರೆಯುವಂತಿಲ್ಲ, "ಚಹಾ!" ಎಂದಷ್ಟೇ ಕೂಗಬೇಕು. ಏನಾಗುತ್ತದೋ ನೋಡೋಣವೆಂದು ಒಂದು ದಿನ ಚಹಾದ ಕೆಳಗೆ ಕಾಕಾನ ಹೆಂಡತಿ ಕಾಕೂನ ಚೀಟಿಯ ಜೊತೆ ನನ್ನದನ್ನೂ ಸಿಕ್ಕಿಸಿದೆ. ಕೂಗಿದ ಕಾಕಾನ ಮುಂದೆ ಎರಡು ಕಪ್ ಚಹಾ! "ಒಂದ ಕೂಗಿಗೆ ಇಬ್ರು! ಇದೂ ನಡೀತೈತಿ!" ಎಂದು ಎರಡನ್ನೂ ಕುಡಿದ.

ನೀರಿನ ಕೆಳಗೆ ಅವನ ತಾಯಿಯ, ಅಂದರೆ ನಮ್ಮ ಆಯಿಯ ಹೆಸರಿತ್ತು. ಶಲವಡಿಯ ಬೀಗರು ಬಿಸಿಲಲ್ಲಿ ಬಾಯಾರಿ ಬಂದರು. ಕಾಕಾ "ನೀರು!" ಎಂದು ಕೂಗಿದ. ಎಷ್ಟು ಹೊತ್ತಾದರೂ ಯಾರೂ ಇಲ್ಲ. ಕೊನೆಗೆ ಆಯಿ ಬಚ್ಚಲಮನೆಯಿಂದ ಬಂದಳು. "ಏಳ್ರಿ ಬೀಗರ, ನೀರು ಕಾದಾವು. ಜಳಕಾ ಮಾಡ್ರಿ." ಪಾಪ, ಬೀಗರು ಬಾಯಾರಿಕೆಯಲ್ಲೇ ಜಳಕ ಮಾಡಿದರು! "ಅವ್ವಂದೇನೂ ತಪ್ಪಿಲ್ಲ. ಏನು ಕೊಡಬೇಕು ಅನ್ನೂದನ್ನ ನಾನ ಸರಿ ಬರದಿಲ್ಲ" ಎಂದು ಕಾಕಾ "ಕುಡಿಯೂ ನೀರು" ಎಂಬ ಇನ್ನೊಂದು ಫಲಕ ಹೊಡೆದ.

ಅದೇ ವಾರ ಕಾಕೂಗೆ ಪತ್ರ ಬಂತು. ಧಾರವಾಡದಲ್ಲಿ ಬಾಲವಾಡಿ ಶಿಕ್ಷಕಿಯರ ತರಬೇತಿ, ಅಲ್ಲೇ ಮೂರು ತಿಂಗಳು ಇರಬೇಕು. ಮದುವೆಯಾದಾಗಿನಿಂದ ಅವಳು ಆಸೆಪಟ್ಟು ಕೇಳಿದ್ದು ಅದೊಂದನ್ನೇ.

"ನೀ ಹೋದ್ರ ಮನಿ ಹೆಂಗ ನಡೀಬೇಕು?" ಎಂದ ಕಾಕಾ.

ಕಾಕು ಅವನನ್ನು ಗೋಡೆಯ ಮುಂದೆ ನಿಲ್ಲಿಸಿದಳು. ಒಂದೆರಡು ಬಿಟ್ಟರೆ ಎಲ್ಲ ಫಲಕದ ಕೆಳಗೂ ಅವಳದೇ ಹೆಸರು. ಬರೆದವನು ಅವನೇ.

"ಕೆಲಸ ಯಾರ ಮಾಡ್ತಾರಂತ ಕರದಾವ್ರಿಗೆ ಗೊತ್ತಿರಬೇಕಾಗಿಲ್ಲ ಅಂದ್ರೆಲ್ಲಾ. ಅದಕ್ಕ ಇಷ್ಟ ವರ್ಷ ನಿಮಗ ಗೊತ್ತಾಗಲಿಲ್ಲೇನ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಕಾ ಫಲಕಗಳನ್ನೆಲ್ಲ ಮತ್ತೊಮ್ಮೆ ಓದಿದ. ಆಮೇಲೆ ಅವಳ ಚೀಟಿಗಳನ್ನು ಒಂದೊಂದಾಗಿ ತೆಗೆದು, ತನ್ನ ಹೆಸರು ಬರೆದು ಸಿಕ್ಕಿಸಿದ. ಅವನ ಮೇಲೆ ನನಗೆ ಎಂದೂ ಇಲ್ಲದ ಪ್ರೀತಿ ಉಕ್ಕಿತು.

"ನಿಮಗ ರೊಟ್ಟಿ ಬಡಿಯಾಕ ಬರ್ತೈತೇನ್ರಿ?"

"ಬರೂದಿಲ್ಲ. ಹೋಗೂದ್ರಾಗ ಕಲಿಸಿ ಹೋಗು."

ಆ ಸಂಜೆ ಕಾಕಾ ಬಡಿದ ಮೊದಲ ರೊಟ್ಟಿಯ ಅಂಚು ಸೀಳಿತ್ತು, ಒಂದು ಬದಿ ಸೀದಿತ್ತು. ನಾನು ಕೈ ಚಾಚಿದೆ. ಕಾಕು ಕೊಡಲಿಲ್ಲ, ಕಣ್ಣೊರೆಸಿಕೊಳ್ಳುತ್ತ ಪೂರ್ತಿ ತಾನೇ ತಿಂದಳು.