ಫೋಟೋಗೆ ನಾಲ್ಕನೆಯವರು ಬೇಕಾಗಿದ್ದಾರೆ

ಧನ್ಯಾ, ಚಿರಂತ್, ಇಬ್ಬರೂ ಕೇಳಿ. ನಾನು ರಾಜಸ್ಥಾನದಿಂದ ಬಂದ ಮೇಲೆ ನೀವು ನನ್ನ ಮೊಬೈಲು ನೋಡಿ, "ಅಜ್ಜೀ, ಈ ಮೀಸೆ ಅಂಕಲ್ ಯಾರು? ಈ ಅಣ್ಣ ಯಾಕೆ ಅಳೋ ಥರ ನಿಂತಿದ್ದಾರೆ? ಕೋಟೆ ಎಲ್ಲಿ?" ಎಂದು ಕೇಳಿದಿರಿ. ಒಲೆಯ ಮೇಲೆ ಹಾಲಿದೆ ಎಂದು ನಾನು ಎದ್ದು ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಬಾಯಲ್ಲಿ ಹೇಳುವುದಕ್ಕೆ ನನಗೆ ಸಂಕೋಚ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಮ್ಮೂರಿನ ಶಾಲೆಯಲ್ಲಿ, ಅದೂ ಏಳನೆಯ ತರಗತಿಯವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ, ನಗಬೇಡಿ. ನಕ್ಕರೂ ನನ್ನ ಎದುರಿಗೆ ನಗಬೇಡಿ.

ನಮ್ಮ ಅಡುಗೆಮನೆಯ ಗೋಡೆಯ ಮೇಲಿದ್ದ ಕ್ಯಾಲೆಂಡರ್ ನಿಮಗೆ ನೆನಪಿರಬೇಕು. ಸೂಲಿಬೆಲೆಯ ಗೊಬ್ಬರದ ಅಂಗಡಿಯವರು ಯಾವುದೋ ಕಾಲದಲ್ಲಿ ಕೊಟ್ಟದ್ದು. ತಾರೀಖಿನ ಹಾಳೆಗಳೆಲ್ಲ ಹರಿದುಹೋದರೂ ಮೇಲಿನ ಚಿತ್ರ ಉಳಿದಿತ್ತು. ಮರಳು, ಮರಳಿನ ನಡುವೆ ಒಂದು ಗುಡ್ಡ, ಗುಡ್ಡದ ಮೇಲೆ ಬೆಲ್ಲದ ಬಣ್ಣದ ಕೋಟೆ. ಅದು ಜೈಸಲ್ಮೇರಿನ ಕೋಟೆಯೆಂದು ಕೆಳಗೆ ಬರೆದಿತ್ತು. ನಾನು ಮತ್ತು ನನ್ನ ವಾರಗಿತ್ತಿ ಪುಟ್ಟಲಕ್ಷ್ಮಿ, ಅಂದರೆ ನಿಮ್ಮ ಪುಟ್ಟಜ್ಜಿ, ಆ ಕೋಟೆಯ ಕೆಳಗೆ ಮುದ್ದೆ ತಿರುವುತ್ತಲೇ ಮುದುಕಿಯರಾದೆವು. ಅವಳು ಕೋಲು ಹಿಡಿದಾಗಲೆಲ್ಲ ಕೋಟೆಯನ್ನೇ ನೋಡುತ್ತಿದ್ದಳು.

"ಅಕ್ಕಾ, ಆ ಊರಲ್ಲಿ ಮುದ್ದೆ ಮಾಡ್ತಾರಾ?"

"ಮರಳಲ್ಲಿ ರಾಗಿ ಎಲ್ಲಿ ಬೆಳೀತದೆ ಬುಡು."

"ಹಂಗಾದ್ರೆ ಒಂದ್ಸಲ ಹೋಗ್ಬೇಕು ಕಣಕ್ಕಾ."

ಹೋದ ವರ್ಷ ಗೋಡೆಗೆ ಸುಣ್ಣ ಹೊಡೆಸುವಾಗ ಕ್ಯಾಲೆಂಡರ್ ಕೈಯಲ್ಲೇ ಪುಡಿಯಾಯಿತು. ಮೊಳೆ ಮಾತ್ರ ಉಳಿಯಿತು. ಅದೇ ಸಮಯಕ್ಕೆ ಪುಟ್ಟಲಕ್ಷ್ಮಿಗೆ ಎದೆನೋವು ಬಂದು, ಆಸ್ಪತ್ರೆಗೆ ಸೇರಿಸಿ, ಸ್ಟೆಂಟ್ ಹಾಕಿಸಿದ್ದಾಯಿತು. ಮನೆಗೆ ಬಂದವಳು ಮೊದಲು ಅಡುಗೆಮನೆಗೆ ಹೋಗಿ ಮೊಳೆ ನೋಡಿದಳು. "ಅಕ್ಕಾ, ನಾವು ಆ ಕೋಟೆ ಮುಂದೆ ನಿಂತ್ಕೊಂಡು ಒಂದು ಫೋಟೋ ತೆಗೆಸ್ಕೊಂಡ್ ಬಂದು ಇಲ್ಲಿ ಹಾಕ್ಬೇಕು" ಎಂದಳು. ಡಾಕ್ಟರು ಒಪ್ಪಿದರು. ಅವಳ ಮಗ ನಾಗೇಶ ಒಪ್ಪಲಿಲ್ಲ. ಕೊನೆಗೆ ನನ್ನ ಮುಖ ನೋಡಿ, "ದೊಡ್ಡಮ್ಮಾ, ಹೆಂಗೆ ಕಳಿಸ್ತೀನೋ ಹಂಗೇ ವಾಪಸ್ ಕರ್ಕೊಂಡ್ ಬರ್ಬೇಕು. ನಿನ್ನ ನಂಬಿ ಕಳಿಸ್ತಾ ಇದೀನಿ" ಎಂದ. ನಾನು ಮಾತು ಕೊಟ್ಟೆ. ಹೀಗೆ ನನ್ನ ಜವಾಬ್ದಾರಿ ಎರಡು: ಒಂದು ಫೋಟೋ, ಒಬ್ಬ ವಾರಗಿತ್ತಿ. ಎರಡೂ ಸುರಕ್ಷಿತವಾಗಿ ಮನೆ ಸೇರಬೇಕು.

ನಾವು ಹೊರಟವರು ನಾಲ್ಕು ಜನ. ನಾನು, ಪುಟ್ಟಲಕ್ಷ್ಮಿ, ನನ್ನ ನಾದಿನಿ ಸರೋಜ, ಪಕ್ಕದ ಮನೆಯ ರತ್ನಮ್ಮ. ಸರೋಜ ಟೀವಿ ಧಾರಾವಾಹಿ ನೋಡಿ ಹಿಂದಿ ಕಲಿತವಳು. ರತ್ನಮ್ಮನಿಗೆ ಯಾವ ಭಾಷೆಯೂ ಬೇಕಾಗಿಲ್ಲ, ಅವಳ ಗಂಟಲೇ ಸಾಕು. ದೇವನಹಳ್ಳಿಯಿಂದ ವಿಮಾನ ಹತ್ತಿಸಿ, ಜೈಪುರದಲ್ಲಿ ಇಳಿಸಿ, ಅಲ್ಲಿಂದ ಬಸ್ಸಿನಲ್ಲಿ ಊರೂರು ತೋರಿಸಿ ಕರೆತರುವವರು ಟೂರಿನ ಶಿವಣ್ಣನವರು, ನೆಲಮಂಗಲದ ಕಡೆಯವರು. ಕೊರಳಲ್ಲಿ ಸದಾ ಒಂದು ಪೀಪಿ.

ಫೋಟೋ ತೆಗೆಯುವ ಅಧಿಕಾರವನ್ನು ನಾನೇ ವಹಿಸಿಕೊಂಡೆ. ಧನ್ಯಾ, ನೀನೇ ನನಗೆ ಕಲಿಸಿದ್ದೆಯಲ್ಲ. ನಮ್ಮ ಹಸು ಗೌರಿಯನ್ನು ಎದುರಿನಿಂದ, ಪಕ್ಕದಿಂದ, ಮೇವು ತಿನ್ನುವಾಗ, ತಿನ್ನದಿರುವಾಗ ತೆಗೆದು ಅಭ್ಯಾಸ ಮಾಡಿದ್ದೆ. ಗೌರಿಯನ್ನು ಅಷ್ಟು ಚೆನ್ನಾಗಿ ತೆಗೆದವಳಿಗೆ ಕೋಟೆ ಯಾವ ಲೆಕ್ಕ? ಕೋಟೆ ಬಾಲ ಕೂಡ ಆಡಿಸುವುದಿಲ್ಲ!

ನಿಜವಾದ ಕಾರಣ ಬೇರೆ ಇತ್ತು. ಫೋಟೋ ತೆಗೆಯುವವರು ಫೋಟೋದಲ್ಲಿ ಇರಬೇಕಾಗಿಲ್ಲ. ನನ್ನ ಮದುವೆಯ ಫೋಟೋ ನೋಡಿದ್ದೀರಿ. ಅದರಲ್ಲಿ ನಿಮ್ಮ ತಾತ ಇದ್ದಾರೆ, ಪಕ್ಕದಲ್ಲಿ ಒಂದು ಬೈತಲೆ ಇದೆ. ಆ ಬೈತಲೆ ನಾನು. ತಾತ ಹೋದ ಮೇಲಂತೂ ಮದುವೆಮನೆಗಳಲ್ಲಿ ಫೋಟೋದವನು "ಎಲ್ಲಾರೂ ಬನ್ನಿ" ಎಂದ ತಕ್ಷಣ ನನಗೆ ಅಡುಗೆಯವರ ಹತ್ತಿರ ಏನಾದರೂ ಕೆಲಸ ನೆನಪಾಗುತ್ತದೆ.

ಮೊದಲ ಕೋಟೆ ಜೈಪುರದ್ದು. ಪುಟ್ಟಲಕ್ಷ್ಮಿಯ ಎದೆಗೆ ಶ್ರಮವಾಗದಂತೆ ನಾವು ಮೆಲ್ಲಗೆ ಹತ್ತುವಷ್ಟರಲ್ಲಿ ನಮ್ಮ ಬಸ್ಸಿನವರೆಲ್ಲ ಮುಂದೆ ಹೋಗಿದ್ದರು. ದೊಡ್ಡ ಬಾಗಿಲಿನ ಮುಂದೆ ಮೂವರನ್ನೂ ಸಾಲಾಗಿ ನಿಲ್ಲಿಸಿ ಮೊಬೈಲು ಎತ್ತಿದೆ. ರತ್ನಮ್ಮ ಕಿರುಚಿದಳು.

"ಅಯ್ಯಯ್ಯೋ! ಮೂರು ಜನ ಆಗ್ತೀವಲ್ಲ ಕಣಕ್ಕಾ!"

ನನ್ನ ಕೈ ಅಲ್ಲಿಯೇ ನಿಂತಿತು. ಮೂವರು ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರೆ ಮೂವರಲ್ಲಿ ಒಬ್ಬರು ಬೇಗ ಹೋಗುತ್ತಾರೆ ಎಂದು ನಮ್ಮ ಕಡೆ ನಂಬುತ್ತಾರೆ. ನಿಮ್ಮ ಅಪ್ಪ ಇದನ್ನು ಮೂಢನಂಬಿಕೆ ಎನ್ನುತ್ತಾನೆ. ಆದರೆ ಅವನ ಕಾಲೇಜಿನ ಆಲ್ಬಮ್ಮಿನಲ್ಲಿ ಮೂವರೇ ಇರುವ ಫೋಟೋ ಒಂದೂ ಇಲ್ಲ. ನಾನು ಹುಡುಕಿದ್ದೇನೆ.

ಎಲ್ಲರೂ ನಿಧಾನವಾಗಿ ಪುಟ್ಟಲಕ್ಷ್ಮಿಯ ಕಡೆ ತಿರುಗಿದೆವು.

"ನನ್ನ ಯಾಕ್ರೇ ನೋಡ್ತೀರಾ?" ಎಂದಳು ಅವಳು. "ಮೂವರಲ್ಲಿ ಒಬ್ರು ಅಂದ್ರೆ ನಾನೇ ಆಗ್ಬೇಕಾ? ಸರೋಜಂಗೆ ಬೀಪಿ ಇಲ್ವಾ?"

"ನನ್ನ ಬೀಪಿ ಸುದ್ದಿ ಬೇಡ!" ಎಂದು ಸರೋಜ ಸಾಲಿನಿಂದ ಹೊರಗೆ ಬಂದಳು. ಈಗ ಇಬ್ಬರಾದರು. ಸರೋಜ ಇಲ್ಲದ ಫೋಟೋ ತೆಗೆದರೆ ನನ್ನ ನಾದಿನಿ ಊರಿಗೆ ಹೋಗುವವರೆಗೆ ನನ್ನ ಜೊತೆ ಮಾತಾಡುವುದಿಲ್ಲ. ಆದ್ದರಿಂದ ಸರ್ವಾನುಮತದಿಂದ ತೀರ್ಮಾನವಾಯಿತು: ನಾಲ್ಕನೆಯವರೊಬ್ಬರನ್ನು ಹುಡುಕಬೇಕು.

ಬಾಗಿಲಲ್ಲಿ ಒಬ್ಬ ಕಾವಲುಗಾರ ನಿಂತಿದ್ದ. ಕೆಂಪು ಪೇಟ, ಕಿವಿಯವರೆಗೆ ಮೀಸೆ. ಸರೋಜ ಅವನಿಗೆ "ಭಯ್ಯಾ, ಆವೋ, ಖಡಾ" ಎಂದಳು. ಅವನು ಬಂದು ನಡುವೆ ನಿಂತ. ಎದೆ ಉಬ್ಬಿಸಿದ. ಮೀಸೆಯ ಎರಡೂ ತುದಿ ತಿರುವಿದ. ನಾನು ಬಟನ್ ಒತ್ತಿದೆ. ಫೋಟೋ ಬಹಳ ಚೆನ್ನಾಗಿ ಬಂದಿದೆ. ಮೀಸೆಯ ಎಡಗಡೆ ರತ್ನಮ್ಮ, ಬಲಗಡೆ ಸರೋಜ. ಪುಟ್ಟಲಕ್ಷ್ಮಿ ಪೇಟದ ಹಿಂದೆ ಇದ್ದಾಳೆ.

ಜೋಧಪುರದ ಕೋಟೆ ಬೆಟ್ಟದಷ್ಟು ಎತ್ತರ. ಮೇಲೆ ನಿಂತು ನೋಡಿದರೆ ಕೆಳಗೆ ಊರಿಗೆ ಊರೇ ನೀಲಿ, ಬಟ್ಟೆಗೆ ಹಾಕುವ ನೀಲಿಯನ್ನು ಯಾರೋ ಕೊಡಗಟ್ಟಲೆ ಸುರಿದ ಹಾಗೆ. ಅಲ್ಲಿ ಪೇಟದವರು ಯಾರೂ ಬಿಡುವಾಗಿರಲಿಲ್ಲ. ಒಬ್ಬ ಹುಡುಗ ಮಾತ್ರ ಒಂದು ಕೈಚೀಲ ಹಿಡಿದು ಸುಮ್ಮನೆ ನಿಂತಿದ್ದ. ರತ್ನಮ್ಮ ಅವನ ರಟ್ಟೆ ಹಿಡಿದು ಕರೆತಂದಳು. ಅವನು ಏನೋ ಹೇಳುತ್ತಿದ್ದ. ನಮಗೆ ಅರ್ಥವಾಗಲಿಲ್ಲ. ಅವನನ್ನು ಪುಟ್ಟಲಕ್ಷ್ಮಿ ಮತ್ತು ಸರೋಜರ ನಡುವೆ ಒತ್ತಿ ನಿಲ್ಲಿಸಿದೆವು. ಅಷ್ಟರಲ್ಲಿ ಪಕ್ಕದ ಅಂಗಡಿಯೊಳಗಿನಿಂದ ಕೈತುಂಬ ಬಳೆ ತೊಟ್ಟ ಒಬ್ಬ ಹುಡುಗಿ ಹೊರಗೆ ಬಂದಳು. ಅವನ ಹೆಂಡತಿ. ಹೊಸದಾಗಿ ಮದುವೆಯಾದವರು. ಗಂಡನನ್ನು ಬಿಟ್ಟು ಒಳಗೆ ಹೋದವಳು ಹೊರಗೆ ಬಂದಾಗ ಅವನು ಮೂವರು ಮುದುಕಿಯರ ವಶದಲ್ಲಿದ್ದ!

ಅವಳು ಮುಖ ತಿರುಗಿಸಿಕೊಂಡು ಹೊರಟೇಬಿಟ್ಟಳು. ನಮ್ಮ ನಿಯೋಗ ಅವಳ ಹಿಂದೆ ಓಡಿತು.

"ಬೇಟೀ, ಗುಸ್ಸಾ ನಹೀ," ಎಂದಳು ಸರೋಜ. "ತುಮ್ಹಾರಾ ಗಂಡ, ತುಮ್ಹಾರಾ ಹೀ ಗಂಡ."

"ನಾವೇನು ನಿನ್ ಗಂಡನ್ನ ಇಟ್ಕೊತೀವಾ ತಾಯೀ?" ಎಂದಳು ರತ್ನಮ್ಮ, ಕೋಟೆಯ ಗೋಡೆ ಮಾರ್ದನಿಸುವಂತೆ. "ಒಂದು ಫೋಟೋ ಅಷ್ಟೇಯ!"

ನಾನು, ನಿಂತಲ್ಲೇ ನಿಂತಿದ್ದ ಹುಡುಗನ ಕಡೆಗೆ ಮೊಬೈಲು ಹಿಡಿದು ಗಾಬರಿಯಲ್ಲಿ ಬಟನ್ ಒತ್ತಿದೆ. ಚಿರಂತ್, ನೀನು ಕೇಳಿದ ಅಳುವ ಥರದ ಅಣ್ಣ ಇವನೇ. ಆಮೇಲೆ ಅವರಿಬ್ಬರೂ ಒಂದೇ ಕಡ್ಡಿ ಐಸ್‌ಕ್ರೀಮನ್ನು ಹಂಚಿಕೊಂಡು ತಿನ್ನುತ್ತಿದ್ದುದನ್ನು ಕಣ್ಣಾರೆ ಕಂಡ ಮೇಲೆಯೇ ನಾನು ಬಸ್ಸು ಹತ್ತಿದೆ.

ಕೊನೆಗೆ ಜೈಸಲ್ಮೇರ್ ಬಂತು. ಸಂಜೆ ಊರ ಹೊರಗೆ ಬಸ್ಸು ನಿಂತಾಗ ಪುಟ್ಟಲಕ್ಷ್ಮಿ ಕಿಟಕಿಗೆ ಹಣೆ ಒತ್ತಿ, "ಅಕ್ಕಾ, ಅದೇ!" ಎಂದಳು. ಅದೇ. ಮರಳು, ಗುಡ್ಡ, ಬೆಲ್ಲದ ಬಣ್ಣ. ನಮ್ಮ ಅಡುಗೆಮನೆಯ ಗೋಡೆ ಅಲ್ಲಿ ಎದ್ದು ನಿಂತಿತ್ತು. ಹೊಗೆ ಮಾತ್ರ ಇರಲಿಲ್ಲ.

ಶಿವಣ್ಣನವರು ಪೀಪಿ ಊದಿದರು. "ಅಮ್ಮಾ, ಬೇಗ ಫೋಟೋ ತೆಕ್ಕೊಳಿ, ಟೀ ಕುಡ್ಕೊಳಿ. ಹೊತ್ತು ಮುಳುಗಿದ್ರೆ ಕೋಟೆ ಕಾಣಕ್ಕಿಲ್ಲ. ಬೆಳಗ್ಗೆ ಎದ್ದು ವಾಪಸ್ ಹೊರಡೋದೇಯ."

ಬಸ್ಸಿನವರೆಲ್ಲ ಟೀ ಅಂಗಡಿಗೆ ಹೋದರು. ನಾವು ಫೋಟೋಗೆ ಒಳ್ಳೆಯ ಜಾಗ ಹುಡುಕುತ್ತಾ ಬಹಳ ದೂರ ಬಂದುಬಿಟ್ಟೆವು. ಸುತ್ತ ನೋಡಿದರೆ ನಾಲ್ಕನೆಯವರು ಎನ್ನಲು ಒಬ್ಬ ಮನುಷ್ಯನೂ ಇಲ್ಲ. ಒಂದು ಒಂಟೆ ಮಾತ್ರ ಮಂಡಿಯೂರಿ ಕುಳಿತಿತ್ತು.

"ಒಂಟೆ ಲೆಕ್ಕಕ್ಕೆ ಬರ್ತದಾ?" ಎಂದಳು ರತ್ನಮ್ಮ.

ಈ ಪ್ರಶ್ನೆಯನ್ನು ನಾವು ಗಂಭೀರವಾಗಿ ಚರ್ಚಿಸಿದೆವು. "ಜೀವ ಇದೆ, ಉಸಿರಾಡ್ತದೆ, ಸೊಂಟಕ್ಕೆ ಬಟ್ಟೆ ಬೇರೆ ಕಟ್ಟವರೆ. ಬರ್ತದೆ" ಎಂದು ಸರೋಜ ತೀರ್ಪು ಕೊಟ್ಟಳು. ಯಾರೂ ವಿರೋಧಿಸಲಿಲ್ಲ. ಸೂರ್ಯ ಮುಳುಗುತ್ತಿದ್ದ.

ಮೂವರೂ ಒಂಟೆಯ ಪಕ್ಕದಲ್ಲಿ ನಿಂತರು. ಒಂಟೆಯ ಕತ್ತು ಎಷ್ಟು ಉದ್ದವೆಂದರೆ ಅದು ಫೋಟೋದೊಳಗೆ ಹಿಡಿಸಲಿಲ್ಲ. ತಲೆ ಕತ್ತರಿಸಿಹೋದರೆ ಅದು ಲೆಕ್ಕಕ್ಕೆ ಬರುವುದೋ ಇಲ್ಲವೋ ಎಂಬ ಅನುಮಾನ ಬಂದು ನಾನು ಹಿಂದೆ ಹಿಂದೆ ಹೋದೆ. ಹಿಂದೆ ಜಾಲಿಯ ಮುಳ್ಳುಪೊದೆ ಇತ್ತು. ಅದಕ್ಕೆ ನಾನು ಸೀರೆ ಸಮೇತ ಸಿಕ್ಕಿಕೊಂಡೆ. ಮುಂದೆ ಬರಲಾರೆ, ಹಿಂದೆ ಹೋಗಲಾರೆ. ಆದರೂ ಮೊಬೈಲು ಇಳಿಸಲಿಲ್ಲ.

ಆಗ ಒಂಟೆ ಪುಟ್ಟಲಕ್ಷ್ಮಿಯ ಚೀಲಕ್ಕೆ ಬಾಯಿ ಹಾಕಿತು. ಚೀಲದಲ್ಲಿ ನಾನೇ ಮಾಡಿದ ನಿಪ್ಪಟ್ಟು ಇತ್ತು. ನನ್ನ ನಿಪ್ಪಟ್ಟಿನ ಖಾರ ನಿಮಗೆ ಗೊತ್ತು. ಒಂಟೆಗೆ ಗೊತ್ತಿರಲಿಲ್ಲ. ಅದು ಒಮ್ಮೆ ಅಗಿಯಿತು, ಎರಡು ಸಲ ಅಗಿಯಿತು, ಆಮೇಲೆ ಆ ಮರುಭೂಮಿ ಎಂದೂ ಕೇಳಿರದಂಥ ದನಿಯಲ್ಲಿ ಕೂಗಿ ಎದ್ದು ನಿಂತಿತು! ಸರೋಜ ಒಂದು ಕಡೆ ಓಡಿದಳು, ರತ್ನಮ್ಮ ಒಂದು ಕಡೆ. ಪುಟ್ಟಲಕ್ಷ್ಮಿ ಓಡಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡು ಮೆಲ್ಲಗೆ ಮರಳಿನ ಮೇಲೆ ಕುಸಿದಳು.

ಮಕ್ಕಳೇ, ಆಗ ನನ್ನ ಕಣ್ಣ ಮುಂದೆ ಕೋಟೆ ಇರಲಿಲ್ಲ. ನಾಗೇಶನ ಮುಖ ಇತ್ತು. ಮುಳ್ಳಿಗೆ ಸೀರೆಯ ಅಂಚನ್ನು ಬಿಟ್ಟುಕೊಟ್ಟು ಕಿತ್ತುಕೊಂಡು ಓಡಿದೆ. "ಪುಟ್ಟೀ! ಪುಟ್ಟೀ! ಏನಾಯ್ತೇ!" ಅವಳ ಭುಜ ನಡುಗುತ್ತಿತ್ತು. ಕಣ್ಣಲ್ಲಿ ನೀರು. ಮಾತು ಹೊರಡುತ್ತಿಲ್ಲ.

"ಅಕ್ಕಾ..." ಎಂದಳು ಕೊನೆಗೆ. "ಅದಕ್ಕೂ... ಖಾರ ಜಾಸ್ತಿ ಆಯ್ತಂತೆ ಕಣಕ್ಕಾ!"

ನಗುತ್ತಿದ್ದಳು! ನಾನು ಅವಳ ಪಕ್ಕದಲ್ಲೇ ಕುಳಿತುಬಿಟ್ಟೆ.

ಅಷ್ಟರಲ್ಲಿ ಒಂಟೆಯ ಯಜಮಾನ ಎಲ್ಲಿಂದಲೋ ಬಯ್ಯುತ್ತಾ ಓಡಿಬಂದ. ಒಂಟೆಗೆ ನೀರು ಕುಡಿಸಿ ಸಮಾಧಾನ ಮಾಡಿದ. ಸರೋಜ ತನ್ನ ಹಿಂದಿಯಲ್ಲಿ ನಡೆದದ್ದನ್ನೆಲ್ಲ ವಿವರಿಸಿದಳು. ಅವನಿಗೆ ಏನು ತಿಳಿಯಿತೋ ದೇವರಿಗೇ ಗೊತ್ತು. ದಿನವೆಲ್ಲ ಬಂದವರಿಗೆ ಫೋಟೋ ತೆಗೆದುಕೊಡುವವನೇ ಇರಬೇಕು, ಸುಮ್ಮನೆ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು, ನೀನೂ ಹೋಗಿ ನಿಂತುಕೋ ಎಂದು ಕೈ ತೋರಿಸಿದ.

ಮೂವರೂ ನನ್ನನ್ನೇ ನೋಡಿದರು. ನಾನು ಮರಳನ್ನು ನೋಡಿದೆ.

"ಅಲ್ಲಾ ಕಣಕ್ಕಾ," ಎಂದಳು ರತ್ನಮ್ಮ, ಮೊದಲ ಬಾರಿಗೆ ಮೆಲ್ಲಗೆ. "ಆ ಮೀಸೆಯೋನ್ನ ಕರೆದ್ವಿ. ಯಾರ್ದೋ ಗಂಡನ್ನ ಎಳ್ಕೊಂಡ್ ಬಂದ್ವಿ. ಒಂಟೇನೂ ಲೆಕ್ಕಕ್ಕೆ ತಗೊಂಡ್ವಿ. ನೀನು ಯಾರ ಲೆಕ್ಕಕ್ಕೂ ಬರ್ಲೇ ಇಲ್ವಲ್ಲ!"

"ನಂಗ್ ಬ್ಯಾಡಮ್ಮ," ಎಂದೆ. "ಸೀರೆ ಬೇರೆ ಹರಿದದೆ. ನೀವೇ ಯಾರಾದ್ರೂ..."

ಪುಟ್ಟಲಕ್ಷ್ಮಿ ಎದ್ದು, ಮರಳು ಕೊಡವಿಕೊಂಡು, ಸರೋಜ ಮತ್ತು ರತ್ನಮ್ಮನ ನಡುವೆ ಹೋಗಿ ನಿಂತಳು. ಮೂವರು. ಒಂಟೆಯವನಿಗೆ, ಹೂಂ, ತೆಗಿ ಎಂದು ತಲೆಯಾಡಿಸಿದಳು.

"ಪುಟ್ಟೀ, ಬೇಡ!"

"ನೀನು ಬಂದ್ರೆ ನಾಲ್ಕು. ಬರ್ದಿದ್ರೆ ಮೂರು. ನಾಗೇಶಂಗೆ ನೀನೇ ಹೇಳ್ಕೋ."

ನಾನು ಓಡಿದೆ. ಮಂಡಿನೋವು ಶುರುವಾದ ಮೇಲೆ ಅಷ್ಟು ವೇಗವಾಗಿ ಓಡಿದ್ದು ಅದೇ ಮೊದಲು. ಪುಟ್ಟಲಕ್ಷ್ಮಿ ನನ್ನ ತೋಳು ಹಿಡಿದು ನಡುವೆ ನಿಲ್ಲಿಸಿಕೊಂಡಳು. ಆ ಹಿಡಿತಕ್ಕೂ ಹೃದಯದ ಕಾಯಿಲೆಗೂ ಯಾವ ಸಂಬಂಧವೂ ಇರಲಿಲ್ಲ. ಒಂಟೆಯವನು ಒಂದೇ ಫೋಟೋ ತೆಗೆದ. ಸೂರ್ಯ ಮುಳುಗಿದ. ಶಿವಣ್ಣನವರು ಪೀಪಿ ಊದಿದರು.

ನಾಗೇಶ ಆ ಫೋಟೋವನ್ನು ಹೊಸಕೋಟೆಯಲ್ಲಿ ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ ತಂದ. ಕ್ಯಾಲೆಂಡರಿನ ಮೊಳೆಗೇ ನೇತುಹಾಕಿದ್ದೇವೆ. ಪುಟ್ಟಲಕ್ಷ್ಮಿ ಗಟ್ಟಿಮುಟ್ಟಾಗಿದ್ದಾಳೆ, ದಿನವೂ ಮುದ್ದೆ ತಿರುವುತ್ತಾ ಅದನ್ನೇ ನೋಡುತ್ತಾಳೆ, ದಿನವೂ ನಗುತ್ತಾಳೆ. ಫೋಟೋದಲ್ಲಿ ಅವಳು ಚೆನ್ನಾಗಿದ್ದಾಳೆ. ಸರೋಜ, ರತ್ನಮ್ಮ ಇಬ್ಬರೂ ಚೆನ್ನಾಗಿದ್ದಾರೆ. ನಾನು ಮದುವೆಯ ದಿನದಂತೆಯೇ ತಲೆ ಬಗ್ಗಿಸಿದ್ದೇನೆ. ಬೈತಲೆ ಬೆಳ್ಳಗಾಗಿದೆ, ಅಷ್ಟೇ ವ್ಯತ್ಯಾಸ. ನಾಲ್ವರಲ್ಲಿ ಎತ್ತರದವಳು ನಾನೇ ಆದ್ದರಿಂದ, ಅಷ್ಟು ದೂರ ಹೋಗಿ ನೋಡಿದ ಕೋಟೆ ಪೂರ್ತಿಯಾಗಿ ನನ್ನ ತಲೆಯ ಹಿಂದೆ ಇದೆ.

ಮನೆಗೆ ಬಂದವರು ಕೇಳುತ್ತಾರೆ, "ಇದು ಯಾವೂರು? ಮಧ್ಯದಲ್ಲಿರೋರು ಯಾರು?" ಫೋಟೋ ನೋಡಿದರೆ ಎರಡೂ ಗೊತ್ತಾಗುವುದಿಲ್ಲ. ಆದ್ದರಿಂದ ಧನ್ಯಾ, ಚಿರಂತ್, ಈ ಹಾಳೆಗಳನ್ನು ಮಡಿಸಿ ಆ ಚೌಕಟ್ಟಿನ ಹಿಂದೆ, ರಟ್ಟಿನ ಒಳಗೆ ಜೋಪಾನವಾಗಿ ಇಡಿ. ಗೋಡೆಗೆ ಸುಣ್ಣ ಹೊಡೆಸುವಾಗ ಮರೆಯದೆ ತೆಗೆದಿಡಿ. ಮುಂದೆ ಯಾರಾದರೂ ಕೇಳಿದರೆ ತೆಗೆದು ತೋರಿಸಿ: ಕೋಟೆ ಅಜ್ಜಿಯ ಹಿಂದೆ ಇದೆ, ಅಜ್ಜಿ ಫೋಟೋದ ಹಿಂದೆ ಇದ್ದಾಳೆ.