ಕೆಮ್ಮುವ ಹಾರನ್ನುಗಳ ಭಾವ

ನಮ್ಮ ಭಾವನವರಿಗೆ ಮನುಷ್ಯರ ಮಾತು ಕೇಳಿಸುವುದಿಲ್ಲ. ಕಿವುಡು ಎಂದುಕೊಳ್ಳಬೇಡಿ! ಬೀದಿಯ ಆ ತುದಿಯಲ್ಲಿ ಲೌಡ್‌ಸ್ಪೀಕರ್ ಕಟ್ಟಿದ ಜಟಕಾ ಬಂದರೆ, ಅದರ ಯಾವ ಸ್ಕ್ರೂ ಸಡಿಲವಾಗಿದೆ ಎಂದು ಈ ತುದಿಯಲ್ಲಿ ಕೂತೇ ಹೇಳಬಲ್ಲ ಕಿವಿ ಅವರದು. ಆದರೆ ಲೌಡ್‌ಸ್ಪೀಕರಿನ ಆ ಅಗಲ ಬಾಯಿಯ ಹಾರನ್ನಿನಿಂದ ಬಂದರೆ ಮಾತ್ರ ಅದು ಮಾತು, ಬರಿಯ ಬಾಯಿಂದ ಬಂದದ್ದು ಅವರ ಪಾಲಿಗೆ ಗಾಳಿ. ಒಮ್ಮೆ ಊಟಕ್ಕೆ ಮೂರು ಸಲ ಕರೆದು ಸೋತು, ನಾಲ್ಕನೆಯ ಸಲ ಅವರ ಮುಂದಿದ್ದ ಮೈಕನ್ನೇ ಎತ್ತಿ, ಮುದ್ದೆ ಆರುತ್ತಿದೆ ಎಂದು ಹೇಳಿಬಿಟ್ಟೆ. ಭಾವ ತಕ್ಷಣ ಎದ್ದು ಕೈ ತೊಳೆದರು. ಮಾರನೆಯ ದಿನ ಸೊಪ್ಪಿನವಳಿಂದ ಹಿಡಿದು ನಾನು ಪಾಠ ಹೇಳುವ ಸ್ಕೂಲಿನ ಹೆಡ್ಮಾಸ್ತರರವರೆಗೆ ಪಾಂಡವಪುರದವರೆಲ್ಲ ನಮ್ಮ ಮನೆಯ ಮುದ್ದೆಯ ಯೋಗಕ್ಷೇಮ ವಿಚಾರಿಸಿಕೊಂಡರು.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಮದುವೆಯಾದವರಲ್ಲ. ತಂದೆತಾಯಿ ಬೇಗ ಹೋಗಿದ್ದರಿಂದ ತಮ್ಮನನ್ನು ಸಾಕಿ, ಓದಿಸಿ, ಸೊಸೈಟಿಯಲ್ಲಿ ಗುಮಾಸ್ತೆ ಕೆಲಸಕ್ಕೆ ಹಚ್ಚಿ, ಹೆಣ್ಣು ಹುಡುಕಿ ನನ್ನನ್ನು ತಂದವರೂ ಅವರೇ. ಮನೆಯ ಪಡಸಾಲೆಯೇ ಅವರ ವರ್ಕ್‌ಶಾಪು. ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣದ ಟೆಂಟ್ ಸಿನಿಮಾದವರು ದನಿ ಕೆಟ್ಟಿತೆಂದು ಮೂಲೆಗೆಸೆದ ಹಾರನ್ನುಗಳು, ಯುದ್ಧದ ಕಾಲದವು, ಅದಕ್ಕೂ ಹಿಂದಿನವು, ಬಸ್ಸಿನ ಟಾಪ್ ಹತ್ತಿ ನಮ್ಮ ಮನೆಗೆ ಬಂದು ಬಾಯಿ ತೆರೆದುಕೊಂಡು ಕೂರುತ್ತಿದ್ದವು. ನಾನು ಮದುವಣಗಿತ್ತಿಯಾಗಿ ಹೊಸ್ತಿಲಲ್ಲಿ ನಿಂತಾಗ ಭಾವ ಆಡಿದ ಮೊದಲ ಮಾತು ನನಗಿನ್ನೂ ನೆನಪಿದೆ.

"ಬಲಗಾಲಿಟ್ಟೇ ಬಾರವ್ವ. ಎಡಕ್ಕೆ ಆರನ್ ಐತೆ, ಒದ್ದುಗಿದ್ದೀಯ."

ಅಂದಿನಿಂದ ಆ ಮನೆಯಲ್ಲಿ ನನ್ನದೆಂಬ ಸಾಮಾನು ಒಂದೂ ಉಳಿಯಲಿಲ್ಲ. ಹಾರನ್ನಿನ ನೆಗ್ಗು ತೆಗೆಯಲು ನನ್ನ ರುಬ್ಬುಗುಂಡು, ತುಕ್ಕು ಉಜ್ಜಲು ನನ್ನ ಹುಣಸೇಹಣ್ಣು, ಬೆಳ್ಳಿ ಬಣ್ಣ ಬಳಿಯುವಾಗ ಕೆಳಗೆ ಹಾಸಲು ನನ್ನ ತವರಿನ ಜಮಖಾನ! ಇದನ್ನೆಲ್ಲ ಯಜಮಾನರಿಗೆ ಹೇಳಿದರೆ ಅವರು ನಕ್ಕು ಸುಮ್ಮನಾಗುತ್ತಿದ್ದರು. ಅಣ್ಣನ ವಿಷಯದಲ್ಲಿ ಅವರಿಗೆ ಬಾಯಿಯೇ ಇರಲಿಲ್ಲ.

ರಿಪೇರಿ ಮುಗಿದ ಮೇಲೆ ಪರೀಕ್ಷೆ. ಬೇರೆಯವರಾದರೆ ಮೈಕಿನಲ್ಲಿ ಹಲೋ ಹಲೋ ಎನ್ನುತ್ತಾರೆ. ನಮ್ಮ ಭಾವ ಕೆಮ್ಮುತ್ತಿದ್ದರು. ಹೌದು, ಕೆಮ್ಮು! ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಮೂರು ಸಲ. ಏಕೆ ಎಂದು ಕೇಳಿದ್ದಕ್ಕೆ ಮಾತು ಸುಳ್ಳಾಡುತ್ತದೆ, ಕೆಮ್ಮು ಆಡುವುದಿಲ್ಲ ಎಂದರು. ಒಡಕು ಹಾರನ್ನಿನಲ್ಲಿ ಮಾತು ಹೇಗೋ ತಪ್ಪಿಸಿಕೊಂಡು ಹೋಗುತ್ತದಂತೆ, ಕೆಮ್ಮು ಸಿಕ್ಕಿಬೀಳುತ್ತದಂತೆ. ನಮ್ಮ ಮಾಡಿನ ಮೇಲಿಂದ ಹಾರನ್ನು ಹೀಗೆ ಕೆಮ್ಮಿದಾಗ ಎದುರುಮನೆಯ ಅಜ್ಜಿ ಯಾರಿಗೋ ಕಷಾಯ ಕಾಯಿಸಲು ಎದ್ದದ್ದುಂಟು.

ನಾನೂ ಎಲ್ಲರಂತೆ ನಗುತ್ತಿದ್ದೆ, ಯಜಮಾನರು ನಿಜವಾಗಿ ಕೆಮ್ಮಲು ಶುರುಮಾಡುವವರೆಗೆ.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, ಎಡಗಡೆಯ ಶ್ವಾಸಕೋಶದಲ್ಲಿ ಕಲೆಯಿದೆ ಎಂದರು. ಕಾಯಿಲೆಯ ಹೆಸರನ್ನು ನಾವು ಮನೆಯಲ್ಲಿ ಆಡುತ್ತಿರಲಿಲ್ಲ, ಆಗ ಯಾರೂ ಆಡುತ್ತಿರಲಿಲ್ಲ. ಆರು ತಿಂಗಳು ಇಂಜೆಕ್ಷನ್ನು, ಮಾತ್ರೆ. ಆಮೇಲೆ ಹೊಸ ಎಕ್ಸ್‌ರೇ ತೆಗೆದು ಹಳೆಯದರ ಪಕ್ಕ ಹಿಡಿದು ನೋಡುತ್ತಾರೆ. ಕಲೆ ಸಣ್ಣದಾಗಿದ್ದರೆ ಮನೆ, ಇಲ್ಲದಿದ್ದರೆ ಸ್ಯಾನಟೋರಿಯಂ. ಹಳೆಯ ಫಿಲ್ಮನ್ನು ಕಣ್ಣಿನಂತೆ ಕಾಪಾಡಿ ತನ್ನಿ ಎಂದು ಡಾಕ್ಟರು ನನಗೇ ಎರಡೆರಡು ಸಲ ಹೇಳಿ ಕಳಿಸಿದರು.

ಅಲ್ಲಿಂದಾಚೆಗೆ ನನ್ನ ಕಿವಿ ಕೆಮ್ಮಿಗೇ ಮೀಸಲಾಯಿತು. ಮಕ್ಕಳಿಗೆ ಮಗ್ಗಿ ಹೇಳಿಕೊಡುವಾಗಲೂ ಮನಸ್ಸು ಮನೆಯಲ್ಲಿ. ಪಡಸಾಲೆಯ ಹಾರನ್ನು ಕೆಮ್ಮಿದರೆ ಸಾಕು, ಸೌಟು ಕೆಳಗೆ ಹಾಕಿ ಓಡುತ್ತಿದ್ದೆ. ಹೋಗಿ ನೋಡಿದರೆ ಯಜಮಾನರು ಪೇಪರು ಓದುತ್ತಿರುತ್ತಿದ್ದರು, ಭಾವ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಕೊನೆಗೆ ಅತ್ತುಕೊಂಡೇ ಕೇಳಿಕೊಂಡೆ. ಭಾವ ಕೆಮ್ಮುವುದನ್ನು ನಿಲ್ಲಿಸಿದರು. ಎರಡು ತಿಂಗಳು ಹಾರನ್ನುಗಳೂ ಹಲೋ ಎಂದವು. ಮೂರನೆಯ ತಿಂಗಳು ಮತ್ತೆ ಶುರು! ಈ ಸಲ ಮೊದಲಿಗಿಂತ ಹೆಚ್ಚು, ರಿಪೇರಿಗೆ ಏನೂ ಇಲ್ಲದ ದಿನವೂ ಒಂದು ಹಾರನ್ನು ಮಡಿಲಲ್ಲಿಟ್ಟುಕೊಂಡು ಕೆಮ್ಮು. ಇಂಥ ಹೊತ್ತಿನಲ್ಲೂ ಇವರಿಗೆ ಹಾರನ್ನೇ ಹೆಚ್ಚಾಯಿತಲ್ಲ ಎಂದು ನನಗೆ ಎಷ್ಟು ಸಿಟ್ಟು ಬಂತೆಂದರೆ, ವಾರವಿಡೀ ಅವರೊಂದಿಗೆ ಮಾತು ಬಿಟ್ಟೆ. ಅದು ಅವರ ಗಮನಕ್ಕೇ ಬರಲಿಲ್ಲವೆನ್ನುವುದು ಬೇರೆ ಮಾತು.

ಇನ್ನೊಂದು ವಿಷಯ ಹೇಳಬೇಕು. ಹಾರನ್ನಿನ ಹಿಂಬದಿಯ ಡಬ್ಬಿಯೊಳಗೆ ಅಂಗೈಯಗಲದ ತೆಳುವಾದ ಪೊರೆಯೊಂದಿರುತ್ತದೆ. ಅದು ನಡುಗಿದರೇನೇ ದನಿ. ಹಳೆಯ ಹಾರನ್ನುಗಳಲ್ಲಿ ಹರಿದಿರುವುದು ಅದೇ, ಹೊಸದು ಸಿಗದಿರುವುದೂ ಅದೇ. ಭಾವ ರಟ್ಟು ಹಾಕಿ ನೋಡಿದ್ದರು, ತಮಟೆಯ ಚರ್ಮ ಹಾಕಿ ನೋಡಿದ್ದರು. ಕೊನೆಗೆ ಅವರಿಗೆ ಒಲಿದದ್ದು ಎಕ್ಸ್‌ರೇ ಫಿಲ್ಮು. ಯಾರಿಗೂ ಬೇಡವಾದ ಹಳೆಯ ಫಿಲ್ಮುಗಳನ್ನು ಮೈಸೂರಿನಿಂದ ಕಟ್ಟುಗಟ್ಟಲೆ ತಂದು, ಸೋಡಾಪುಡಿಯ ಬಿಸಿನೀರಿನಲ್ಲಿ ಕಪ್ಪನ್ನೆಲ್ಲ ತೊಳೆದು, ಗಾಜಿನಂತಾದ ಹಾಳೆಯನ್ನು ದುಂಡಗೆ ಕತ್ತರಿಸುತ್ತಿದ್ದರು. ಸುತ್ತಮುತ್ತಲಿನ ನಾಲ್ಕು ತಾಲ್ಲೂಕಿನ ಎದೆಗೂಡುಗಳು ನಮ್ಮ ಬಚ್ಚಲಿನಲ್ಲಿ ಹರಿದು ಹೋಗಿವೆ ಎಂದರೆ ಸುಳ್ಳಲ್ಲ.

ಈಗ ನನ್ನ ಗಾಬರಿ ನಿಮಗೆ ಅರ್ಥವಾಗುತ್ತದೆ. ಸೋಮವಾರ ಮೈಸೂರಿಗೆ ಹೋಗಬೇಕು. ಭಾನುವಾರ ಬೆಳಿಗ್ಗೆ ಟ್ರಂಕು ತೆಗೆದು, ಧಾರೆ ಸೀರೆಯ ಕೆಳಗಿದ್ದ ಲಕೋಟೆ ಎತ್ತಿದರೆ ಹಗುರ. ಒಳಗೆ ಫಿಲ್ಮಿಲ್ಲ! ಪಡಸಾಲೆಗೆ ಓಡಿದೆ. ಭಾವ ಇರಲಿಲ್ಲ, ಹಾರನ್ನು ಕಟ್ಟಲು ಮುಂಜಾನೆಯ ಬಸ್ಸಿಗೇ ನಾಗಮಂಗಲದ ಟೆಂಟಿಗೆ ಹೋಗಿದ್ದರು. ಕಸದ ಮಂಕರಿಯಲ್ಲಿ ಕತ್ತರಿಸಿದ ಕರಿಯ ಫಿಲ್ಮಿನ ಚೂರುಗಳಿದ್ದವು. ಬಸ್ಸಿನ ಆತುರಕ್ಕೋ ಏನೋ, ತೊಳೆದಿರಲಿಲ್ಲ. ಒಂದರಲ್ಲಿ ಪಕ್ಕೆಲುಬುಗಳು, ಅವುಗಳ ನಡುವೆ ಅಂಗೈಯಗಲದ ದುಂಡನೆಯ ತೂತು.

ಚೂರುಗಳನ್ನು ತಂದು ತೋರಿಸಿದೆ. ಯಜಮಾನರು ಹೋಗಲಿ ಬಿಡು, ಡಾಕ್ಟರಿಗೆ ಹೇಳಿದರಾಯಿತು ಎಂದರು. ಏನೆಂದು ಹೇಳುವುದು? ನಿಮ್ಮ ರೋಗಿಯ ಶ್ವಾಸಕೋಶ ನಾಗಮಂಗಲದಲ್ಲಿ ಸಿನಿಮಾ ಹಾಡು ಹಾಡುತ್ತಿದೆ ಎಂದೇ? ಚೂರುಗಳನ್ನು ಬ್ಯಾಗಿಗೆ ತುರುಕಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಸ್ಸು ಕುಲುಕಿದಾಗಲೆಲ್ಲ ಬ್ಯಾಗನ್ನು ಎದೆಗೆ ಅವುಚಿಕೊಂಡೆ. ಸ್ಯಾನಟೋರಿಯಂ ಎಂಬ ಒಂದೇ ಮಾತು ತಲೆಯೊಳಗೆ ಸುತ್ತುತ್ತಿತ್ತು. ಕಂಡಕ್ಟರು ಯಾರಿಗೆ ಏನಾಯ್ತವ್ವ ಎಂದು ಕೇಳಿದಾಗ ಟಿಕೆಟ್ಟಿನ ಚಿಲ್ಲರೆ ಎಣಿಸಿ ಕೊಟ್ಟೆ.

ಟೆಂಟಿನ ಮುಂದೆ ಎತ್ತರದ ಬಿದಿರ ಗಳು, ತುದಿಯಲ್ಲಿ ಹಾರನ್ನು, ಅದನ್ನು ತಬ್ಬಿಕೊಂಡು ಹಗ್ಗ ಬಿಗಿಯುತ್ತಿದ್ದ ಭಾವ. ಕೆಳಗಿನಿಂದ ಕೂಗಿದೆ. ಕೇಳಿಸಲಿಲ್ಲ. ಮತ್ತೆ ಕೂಗಿದೆ. ಕೇಳಿಸೀತಾದರೂ ಹೇಗೆ, ನಾನು ಬರಿಯ ಮನುಷ್ಯಳು! ಪಕ್ಕದ ಮೇಜಿನ ಮೇಲೆ ಮೈಕಿತ್ತು. ಟೆಂಟಿನವನು ಬೇಡ ಎನ್ನುವುದರೊಳಗೆ ಅದನ್ನು ಕಿತ್ತುಕೊಂಡೆ.

"ಭಾವ, ನನ್ನ ಗಂಡನ ಎದೆ ವಾಪಸ್ ಕೊಡಿ."

ಇಡೀ ನಾಗಮಂಗಲ ನಿಂತುಬಿಟ್ಟಿತು. ಸೈಕಲ್ಲಿನವನು ಕಾಲು ಕೆಳಗಿಟ್ಟ, ಹೋಟೆಲಿನವರು ಲೋಟ ಹಿಡಿದುಕೊಂಡೇ ಹೊರಬಂದರು. ಕಿವಿಯ ಪಕ್ಕದಲ್ಲೇ ಹಾರನ್ನು ಅಬ್ಬರಿಸಿದ್ದಕ್ಕೆ ಭಾವ ಗಳುವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು, ಆಮೇಲೆ ನಿಧಾನವಾಗಿ ಜಾರಿಕೊಂಡು ಇಳಿದರು. ಇಳಿದವರಿಗೆ ಏದುಸಿರು ಬಂದಿತ್ತು. ಹತ್ತಿರದ ಹುಣಸೇಮರದ ಬುಡದಲ್ಲಿ ಕೂತರು. ನಾನು ಬ್ಯಾಗು ತೆರೆದು ಚೂರುಗಳನ್ನು ಮುಂದೆ ಹಿಡಿದೆ.

"ನಿನ್ ಗಂಡಂದು ಅಲ್ಲ ಕಣವ್ವ ಅದು. ಅವನ್ದು ಸುರುಟ್ಕೋತಿತ್ತು ಅಂತ ಎಲ್ಡು ಅಲಗೆ ಮಧ್ಯಕ್ಕಿಟ್ಟು ಮ್ಯಾಲೆ ರುಬ್ಗುಂಡು ಮಡಗಿವ್ನಿ. ಗುರುವಾರ್ವೇ ನಿಂಗೆ ಏಳಿದ್ನಲ್ಲ. ಎಸರಿಡ್ತಿದ್ದೆ, ಊಂ ಅಂದೆ."

ಊಂ ಎಂದಿದ್ದೆನೇನೋ. ಏನು ಹೇಳಿದರೆಂದು ಕೇಳಿಸಿಕೊಂಡಿರಲಿಲ್ಲ. ಯೋಚಿಸಿದರೆ, ಅವರು ಹೇಳಿದ್ದನ್ನು ಆ ಮನೆಯಲ್ಲಿ ನಾನು ಯಾವತ್ತು ಕೇಳಿಸಿಕೊಂಡಿದ್ದೆ? ಹೋದ ಜೀವ ಬಂದಂತಾಗಿ ಅಲ್ಲೇ ಅವರೆದುರು ಕೂತೆ. ನಗು ಬಂತು. ಹಾಗಾದರೆ ಇದು ಯಾವ ಪುಣ್ಯಾತ್ಮನದು ಎಂದು ತಮಾಷೆ ಮಾಡುತ್ತ, ಒಂದೊಂದೇ ಚೂರನ್ನು ಬಿಸಿಲಿಗೆ ಹಿಡಿದೆ. ಭಾವ ಅದನ್ನು ಕಸಿದುಕೊಳ್ಳಲು ಕೈ ಚಾಚಿದರು. ಅಷ್ಟರಲ್ಲಿ ಮೂಲೆಯ ಪಟ್ಟಿಯಲ್ಲಿ ಬಿಳಿಯ ಇಂಗ್ಲಿಷ್ ಅಕ್ಷರಗಳು ಕಂಡವು. ನಾನು ಮೇಡಮ್ಮ, ಓದದೆ ಬಿಡುತ್ತೇನೆಯೆ? ಓದಿದೆ. ಭಾವನವರ ಹೆಸರು.

ಫಿಲ್ಮು ತರುತ್ತೇನೆಂದು ಮೂರು ತಿಂಗಳ ಹಿಂದೆ ಮೈಸೂರಿಗೆ ಹೋದವರು ಗುಟ್ಟಾಗಿ ತಮ್ಮದೂ ಎಕ್ಸ್‌ರೇ ತೆಗೆಸಿಕೊಂಡಿದ್ದರಂತೆ, ತಂದದ್ದರಲ್ಲಿ ಇದೂ ಒಂದು. ಡಾಕ್ಟರು ಏನು ಹೇಳಿದರೆಂದು ಕೇಳಿದೆ. ತಮ್ಮನಿಗೆ ಹೇಳಿದ್ದನ್ನೇ ಎಂದರು. ನೆಲ ನೋಡುತ್ತ ಅವರು ಆಡಿದ ಮಾತು ಇಷ್ಟೇ:

"ಒಂದ್ ಮನೇಗೆ ಒಂದು ಸಾಕು ಅಂತ ಸುಮ್ಕಿದ್ದೆ ಕಣವ್ವ. ನೀನು ಒಬ್ಳು ಎಷ್ಟೂಂತ ನೋಡೀಯ."

ಮೂರು ತಿಂಗಳು ಹಾರನ್ನುಗಳು ಕೆಮ್ಮಿದ್ದವು, ನಾನು ವಾರವಿಡೀ ಮಾತು ಬಿಟ್ಟಿದ್ದೆ. ಹಾರನ್ನನ್ನು ಮಡಿಲಲ್ಲಿಟ್ಟುಕೊಂಡು ಕೆಮ್ಮಿದರೆ ಪರೀಕ್ಷೆ ಎಂದುಕೊಳ್ಳುತ್ತೇನೆಂದು ಅವರಿಗೆ ಗೊತ್ತಿತ್ತು. ಮನೆಯಲ್ಲಿ ಪ್ರತಿ ಕೆಮ್ಮಿಗೂ ಓಡುತ್ತಿದ್ದವಳು ನಾನು. ಓಡಿ ಹೋಗಿ ನೋಡಿದ್ದು ಮಾತ್ರ ಒಬ್ಬರನ್ನೇ. ನನಗೆ ನಾಚಿಕೆಯಾಯಿತು, ದುಃಖವಾಯಿತು, ಆ ಮರದಡಿಯಲ್ಲೇ ಬಿಕ್ಕಿಬಿಕ್ಕಿ ಅತ್ತೆ.

ಟೆಂಟಿನವನನ್ನು ಗಳು ಹತ್ತಿಸಿ ಹಾರನ್ನು ಇಳಿಸಿದೆವು. ಸಂಜೆಯ ಹಾಡಿಗೆ ಏನು ಗತಿ ಎಂದು ಅವನು ಗೊಣಗಿದ. ಭಾವ ಹಿಂದಿನ ಡಬ್ಬಿಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಒಳಗಿನ ಕರಿಯ ಬಿಲ್ಲೆಯನ್ನು ತೆಗೆದು ನನ್ನ ಅಂಗೈಗಿಟ್ಟರು. ಅದನ್ನು ಫಿಲ್ಮಿನ ತೂತಿಗೆ ಹೊಂದಿಸಿದೆ, ಸರಿಯಾಗಿ ಕೂತಿತು. ನಾನು ಇಡೀ ಊರಿಗೆ ಕೇಳುವಂತೆ ಗಂಡನ ಎದೆ ಕೇಳಿದ್ದು ಇದೇ ಎದೆಯ ಮೂಲಕ.

ಮೈಕಿನ ತಂತಿ ಕಿತ್ತು ಬಿದ್ದಿತ್ತು, ಹಾರನ್ನು ಬಾಯಿ ಕೆಳಗೆ ಮಾಡಿ ಮಲಗಿತ್ತು. ನಾನು ಸೆರಗಿನಿಂದ ಮುಖ ಒರೆಸಿಕೊಂಡು, ನನಗೇ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ, "ಭಾವ, ನಾಳೆ ಮೈಸೂರಿಗೆ ನೀವೂ ಬನ್ನಿ" ಎಂದೆ.

ಮೊದಲನೆಯ ಸಲಕ್ಕೇ ಅವರಿಗೆ ಕೇಳಿಸಿತು.